ಬಂಡೆಸೀಮೆಯ ಶಿರಾಜ್

ಒಳ್ಳೆಯ ಶಿರಾಜ್ ವೈನನ್ನು ಲೋಟಕ್ಕೆ ಬಗ್ಗಿಸಿ ಮೂಗಿನ ಹತ್ತಿರ ತಂದರೆ ಮೊದಲು ಬರುವುದು ಕಪ್ಪು ಹಣ್ಣಿನ ವಾಸನೆ. ಅದರ ಬೆನ್ನಿಗೇ ಆಗಷ್ಟೇ ಕುಟ್ಟಿದ ಕಾಳುಮೆಣಸಿನ ಘಾಟು ಬರುತ್ತದೆ. ವೈನ್ ಮಾಡಿದವರು ಮೆಣಸು ಹಾಕಿರುವುದಿಲ್ಲ, ಮರದ ಪೀಪಾಯಿಯಿಂದ ಬಂದದ್ದೂ ಅಲ್ಲ. ಅದು ಈ ದ್ರಾಕ್ಷಿಯ ಸಿಪ್ಪೆಯಲ್ಲೇ ಇರುತ್ತದೆ. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ, 2008ರಲ್ಲಿ ಅದರ ಮೂಲವನ್ನು ಪ್ರಕಟಿಸಿದರು. ಆ ವಸ್ತುವಿನ ಹೆಸರು ರೊಟಂಡೋನ್. ನಮ್ಮ ಮಲೆನಾಡಿನ ಮೆಣಸಿನ ಬಳ್ಳಿಯ ಕಾಳಿಗೆ ಮೆಣಸಿನ ವಾಸನೆ ಕೊಡುವುದೂ ಇದೇ ರೊಟಂಡೋನ್. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ 16 ಪಾಲು ಇದ್ದರೂ ಮನುಷ್ಯನ ಮೂಗಿಗೆ ಸಿಕ್ಕಿಬೀಳುತ್ತದೆ. ವಿಚಿತ್ರವೆಂದರೆ, ಪರೀಕ್ಷೆಗೆ ಕೂತವರಲ್ಲಿ ಸುಮಾರು ಐವರಿಗೊಬ್ಬರಂತೆ ಅದರ ಗಂಧವೇ ಗೊತ್ತಾಗದವರಿದ್ದರು, ಪ್ರಮಾಣ ಎಷ್ಟು ಏರಿಸಿದರೂ. ಒಂದೇ ಬಾಟಲಿಯ ಮುಂದೆ ಕೂತ ಗಂಡ ‘ಮೆಣಸು’ ಅಂದು, ಹೆಂಡತಿ ‘ಎಲ್ಲಿದೆ?’ ಅಂದರೆ ಇಬ್ಬರೂ ಸರಿ.

ಈ ಮೆಣಸಿಗೆ ಒಂದು ಹಟವಿದೆ. ಅದಕ್ಕೆ ಚಳಿ ಬೇಕು. ಹಣ್ಣು ಬಣ್ಣ ತಿರುಗಿ ಮಾಗುವ ವಾರಗಳಲ್ಲಿ ಗೊಂಚಲಿನ ಬಿಸಿ 25 ಡಿಗ್ರಿ ದಾಟಿದ ಗಂಟೆಗಳು ಹೆಚ್ಚಿದಷ್ಟೂ ರೊಟಂಡೋನ್ ತಗ್ಗುತ್ತದೆ ಎಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ತೋಟಗಳಲ್ಲಿ ನಡೆದ ಅಧ್ಯಯನ ತೋರಿಸಿದೆ. ನೆರಳಿನಲ್ಲಿ ತೂಗುವ ಗೊಂಚಲಿನಲ್ಲಿ ಹೆಚ್ಚು, ಬಿಸಿಲಿಗೆ ಬಿದ್ದ ಗೊಂಚಲಿನಲ್ಲಿ ಕಡಿಮೆ. ಆದ್ದರಿಂದಲೇ ಜಗತ್ತಿನ ವೈನ್ ಪೇಟೆಯಲ್ಲಿ ‘ತಂಪು ಸೀಮೆಯ ಸಿರಾ’ ಎಂಬ ಪ್ರತ್ಯೇಕ ಅಂಕಣವೇ ಹುಟ್ಟಿಕೊಂಡಿದೆ. ಫ್ರೆಂಚರಿಗೆ ಸಿರಾ, ಆಸ್ಟ್ರೇಲಿಯನ್ನರಿಗೂ ಅವರ ಹಿಂದೆ ನಮಗೂ ಶಿರಾಜ್, ತಳಿ ಒಂದೇ. ಸುಡುಬಿಸಿಲಿನ ಊರಿನ ಶಿರಾಜ್ ಗಟ್ಟಿಯಾಗಿ, ಜಾಮಿನಂತೆ ದಪ್ಪಗೆ ಇರುತ್ತದೆ. ತಂಪು ಊರಿನದು ತೆಳುವಾಗಿ, ಹುಳಿ ಚುರುಕಾಗಿ, ಮೆಣಸಿನ ಘಾಟಿನೊಂದಿಗೆ ಇರುತ್ತದೆ. ಬೆಲೆ ಹೆಚ್ಚಾಗಿ ಎರಡನೆಯದಕ್ಕೆ.

ಈ ತಂಪು ಶಿರಾಜಿಗೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೂ ಏನು ಸಂಬಂಧ? ಭೂಪಟದ ಲೆಕ್ಕದಲ್ಲಿ ಏನೂ ಇಲ್ಲ. ವೈನಿನ ದ್ರಾಕ್ಷಿಗೆ ಪುಸ್ತಕಗಳು ಕೊಡುವ ಜಾಗ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವಿನ ಪಟ್ಟಿ. ರಾಮನಗರ ಇರುವುದು 12.7 ಡಿಗ್ರಿಯಲ್ಲಿ. ಇಲ್ಲಿ ಹಿಮ ಬೀಳುವುದಿಲ್ಲ, ಬಳ್ಳಿ ಎಲೆ ಉದುರಿಸಿ ಮಲಗುವುದಿಲ್ಲ. ಮಾರ್ಚ್ ಬಂತೆಂದರೆ ಬಂಡೆ ಕಾದು, ಸಂಜೆ ಏಳಾದರೂ ಬಿಸಿ ಉಗುಳುತ್ತಿರುತ್ತದೆ. ಆದರೂ ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಶಿರಾಜನ್ನು ಗಂಭೀರವಾಗಿ ಯೋಚಿಸಲು ಕಾರಣಗಳಿವೆ ಎಂದು ನಾನು ನಂಬುತ್ತೇನೆ. ಇಲ್ಲಿ ತಂಪು ಅಕ್ಷಾಂಶದಿಂದ ಬರುವುದಲ್ಲ, ತೋಟಗಾರನ ಕತ್ತರಿಯಿಂದ ಬರಬೇಕಾದದ್ದು.

ಚನ್ನಪಟ್ಟಣದ ವೈನರಿ

ಮೊದಲು ಇರುವುದನ್ನು ಹೇಳುತ್ತೇನೆ. 2007ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. ಅದೇ ವರ್ಷ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಹೊರಡಿಸಿತು. ಆ ನೀತಿಯ ಬೆನ್ನಿಗೆ ದ್ರಾಕ್ಷಾರಸ ಮಂಡಳಿ ಬಂತು, ಸಣ್ಣ ವೈನರಿಗಳಿಗೆ ದಾರಿ ತೆರೆಯಿತು, ಊರೂರಲ್ಲಿ ದ್ರಾಕ್ಷಾರಸ ಉತ್ಸವಗಳು ನಡೆಯತೊಡಗಿದವು. ಹೀಗೆ ಬೆಂಗಳೂರು–ಮೈಸೂರು ಹಾದಿಯಲ್ಲಿ, ಚನ್ನಪಟ್ಟಣದ ಬಳಿ ಹೆರಿಟೇಜ್ ವೈನರಿ ತಲೆಯೆತ್ತಿತು. ಭಾನುವಾರ ಬೆಂಗಳೂರಿನಿಂದ ಬಂದ ಸಂಸಾರಗಳು ತೊಟ್ಟಿಯೊಳಗಿಳಿದು ದ್ರಾಕ್ಷಿ ತುಳಿದು, ಉಕ್ಕಿನ ಟ್ಯಾಂಕುಗಳ ನಡುವೆ ಸುತ್ತಾಡಿ, ನಾಲ್ಕೈದು ಬಗೆಯ ವೈನಿನ ರುಚಿ ನೋಡಿ, ಹೋಗುತ್ತ ಒಂದು ಬಾಟಲಿ ಕೊಳ್ಳುತ್ತಿದ್ದರು. ವೈನ್ ಎಂದರೆ ಸಿಹಿ ಪೋರ್ಟ್ ಎಂದಷ್ಟೇ ಗೊತ್ತಿದ್ದ ಎಷ್ಟೋ ಜನ ಒಗರಿನ ಒಣ ವೈನನ್ನು ಮೊದಲ ಸಲ ಬಾಯಿಗಿಟ್ಟದ್ದು ಇಂಥ ಜಾಗಗಳಲ್ಲೇ. 2017ರಲ್ಲಿ ನಾಸಿಕದ ಸುಲಾ ಕಂಪನಿ ಇದನ್ನು ಕೊಂಡಿತು. ಈಗಿನ ಹೆಸರು ಡೊಮೇನ್ ಸುಲಾ. ಹೊರರಾಜ್ಯದಿಂದ ಬರುವ ವೈನಿಗೆ ತೆರಿಗೆಯ ಹೊರೆ ಹೆಚ್ಚು; ಕರ್ನಾಟಕದ ಪೇಟೆ ಬೇಕೆನ್ನುವವರಿಗೆ ಕರ್ನಾಟಕದಲ್ಲೇ ಒಂದು ವೈನರಿ ಇರುವುದು ಲಾಭ. ‘ಕಾಡು’ ಎಂಬ ಕನ್ನಡ ಹೆಸರಿನ ವೈನ್ ಸುಲಾದ ಈ ಕರ್ನಾಟಕ ಶಾಖೆಯ ಕೂಸು. ಅದರ ಮಾರಾಟದ ಒಂದು ಪಾಲು ಹುಲಿ ಸಂರಕ್ಷಣೆಗೆ ಹೋಗುತ್ತದೆ. ಅದರ ಕೆಂಪು ವೈನಿನಲ್ಲಿ ಕ್ಯಾಬರ್ನೆ ದ್ರಾಕ್ಷಿಯ ಜೊತೆ ಶಿರಾಜ್ ಬೆರೆತಿದೆ.

ಮಾಗಡಿ ರಸ್ತೆಯ ಕಡೆ ಇನ್ನೊಂದು ಹೆಸರು ಕೇಳುತ್ತದೆ, ಬಿಗ್ ಬ್ಯಾನಿಯನ್. ಕೇತೋಹಳ್ಳಿಯ ದೊಡ್ಡ ಆಲದ ಮರದ ಹೆಸರನ್ನೇ ಆ ವೈನಿಗೆ ಇಟ್ಟಿದ್ದಾರೆ. ಅವರ ಪಟ್ಟಿಯಲ್ಲೂ ಶಿರಾಜ್ ಇದೆ, ಇಟಲಿಯ ವೈನ್ ತಜ್ಞನ ಕೈಯಲ್ಲಿ ತಯಾರಾದದ್ದು.

ಆದರೆ ಒಂದು ಮಾತನ್ನು ಓದುಗರು ಗಮನಿಸಬೇಕು. ವೈನರಿ ಇರುವ ಊರೂ ದ್ರಾಕ್ಷಿ ಬೆಳೆದ ಊರೂ ಒಂದೇ ಆಗಿರಬೇಕೆಂದಿಲ್ಲ. ನಮ್ಮ ದೇಶದ ವೈನರಿಗಳು ಒಪ್ಪಂದದ ಮೇಲೆ ದೂರದ ಜಿಲ್ಲೆಗಳ ರೈತರಿಂದಲೂ ದ್ರಾಕ್ಷಿ ತರಿಸಿಕೊಳ್ಳುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಚನ್ನಪಟ್ಟಣದಲ್ಲಿ ಬಾಟಲಿಗೆ ತುಂಬಿದ ಮಾತ್ರಕ್ಕೆ ಅದು ಚನ್ನಪಟ್ಟಣದ ಶಿರಾಜ್ ಆಗುವುದಿಲ್ಲ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದ್ದು ಅದನ್ನು ಇಲ್ಲಿನ ಕೈಗಳು, ಇಲ್ಲಿನ ಹಾಲೆಮರ, ಇಲ್ಲಿನ ಅರಗಿನ ಬಣ್ಣ ಸೇರಿ ಮಾಡಿದ್ದರಿಂದ. ವೈನಿನ ಮಟ್ಟಿಗೆ ಆ ಕೈ ಎಂದರೆ ತೋಟ. ನಾಸಿಕ್ ಕಣಿವೆಯ ವೈನಿಗೆ ಭೌಗೋಳಿಕ ಗುರುತು ದಕ್ಕಿದೆ. ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕೃಷ್ಮಾ ತೋಟ ತನ್ನ ಬಾಟಲಿಯ ಮೇಲೆ ‘ಹಂಪಿ ಹಿಲ್ಸ್’ ಎಂದು ಬರೆಯುತ್ತದೆ. ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ 1980ರ ದಶಕದ ಕೊನೆಯಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು, ಮುಂದೆ ಬೋರ್ಡೊದ ಮಿಷೆಲ್ ರೊಲಾಂಡ್ ಅವರನ್ನು ಸಲಹೆಗೆ ಕರೆತಂದು, ನಂದಿಬೆಟ್ಟದ ಹೆಸರಿಗೆ ಒಂದು ಮರ್ಯಾದೆ ತಂದರು. ಅವರ ‘ಲಾ ರಿಸರ್ವ್’ನಲ್ಲೂ ಕ್ಯಾಬರ್ನೆಗೆ ಜೊತೆಯಾದದ್ದು ಶಿರಾಜೇ. ಮಾಗಡಿಯ ಸಾವನದುರ್ಗ ಬೆಟ್ಟದ ಹೆಸರು ಹೊತ್ತು, ಅದರ ಬುಡದಲ್ಲೇ ಬೆಳೆದ ಶಿರಾಜಿನ ಬಾಟಲಿ ಅಂಗಡಿಯಲ್ಲಿ ಕಾಣುವ ದಿನ ಬರಲಿ ಎಂಬುದು ನನ್ನ ಆಸೆ.

ಕಲ್ಲಿನ ನೆಂಟಸ್ತಿಕೆ

ಆಸೆಗೆ ಮೊದಲ ಆಧಾರ ಕಲ್ಲು. ಶಿರಾಜ್ ಹುಟ್ಟಿದ್ದು ಇರಾನಿನ ಶಿರಾಜ್ ಪಟ್ಟಣದಲ್ಲಿ ಎಂಬ ಕತೆ ಬಹುಕಾಲ ಓಡಾಡಿತು. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಮೊಂಪೆಲಿಯೆಯ ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿ ಅದರ ತಂದೆತಾಯಿಯನ್ನು ಕಂಡುಹಿಡಿದರು. ಡ್ಯುರೇಜ ಮತ್ತು ಮೊಂಡ್ಯೂಸ್ ಬ್ಲಾಂಶ್, ಎರಡೂ ಆಗ್ನೇಯ ಫ್ರಾನ್ಸಿನ ಹೆಚ್ಚು ಹೆಸರಿಲ್ಲದ ತಳಿಗಳು. ಅಂದರೆ ಇದರ ತವರು ರೋನ್ ನದಿಯ ಸೀಮೆ. ಅಲ್ಲಿ ಈ ದ್ರಾಕ್ಷಿಗೆ ದೊಡ್ಡ ಹೆಸರು ತಂದ ಕೋರ್ನಾಸ್ ಊರು ಮತ್ತು ಎರ್ಮಿತಾಜ್ ಗುಡ್ಡದ ಪಡುವಣ ಮಗ್ಗುಲು ಬಹುಪಾಲು ಗ್ರಾನೈಟ್ ನೆಲ.

ರಾಮನಗರ ಗ್ರಾನೈಟಿನದೇ ಊರು. ಬ್ರಿಟಿಷರು ಇದನ್ನು ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದುದರಿಂದ ಭೂವಿಜ್ಞಾನದ ಪುಸ್ತಕಗಳಲ್ಲಿ ಇಲ್ಲಿನ ಶಿಲೆಗೆ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಇದು. ಇಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ ಕಿರಿದಾದ ಪಟ್ಟಿಯಾಗಿ ಚಾಚಿಕೊಂಡಿದೆ. ರೋನ್ ದಂಡೆಯ ಗ್ರಾನೈಟ್ ಇದರ ಮುಂದೆ ಎಳೆಯದು, ಸುಮಾರು 30 ಕೋಟಿ ವರ್ಷದ್ದು. ಕಲ್ಲಿನ ರುಚಿ ಬೇರಿನಿಂದ ಹಣ್ಣಿಗೆ ಏರುತ್ತದೆ ಎಂದು ವೈನ್ ಮಾರುವವರು ಹೇಳುವುದುಂಟು. ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಗ್ರಾನೈಟ್ ಮಾಡುವ ಉಪಕಾರ ಬೇರೆ. ಅದು ಪುಡಿಯಾಗಿ ಆದ ಮಣ್ಣು ದಪ್ಪ ಮರಳಿನದು, ಮಳೆ ನೀರು ನಿಲ್ಲದೆ ಬಸಿದು ಹೋಗುತ್ತದೆ. ಮಣ್ಣಿನ ಆಳ ಕಡಿಮೆ, ಸಾರವೂ ಕಡಿಮೆ. ಇಂಥ ನೆಲದಲ್ಲಿ ಬಳ್ಳಿ ಸೊಕ್ಕಿ ಬರೀ ಎಲೆ ಬಿಡುವುದಿಲ್ಲ. ಕಾಯಿ ಸಣ್ಣದಾಗುತ್ತದೆ, ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚುತ್ತದೆ. ಬಣ್ಣ, ಆ ಮೆಣಸು, ಒಗರಿನ ಒಂದು ಪಾಲು ಇರುವುದು ಸಿಪ್ಪೆಯಲ್ಲೇ. ಮಾಗಡಿ, ರಾಮನಗರದ ಬೆಟ್ಟದ ಮಗ್ಗುಲಿನ ಗರಸು ಕೆಂಪುಮಣ್ಣಿನಲ್ಲಿ ರಾಗಿ ಬಿತ್ತಿದವರು ‘ಈ ಹೊಲದಾಗೆ ನೀರು ನಿಲ್ಲಾಕಿಲ್ಲ’ ಎಂದು ಗೊಣಗುತ್ತಾರಲ್ಲ, ಶಿರಾಜಿಗೆ ಬೇಕಾದದ್ದು ಆ ಹೊಲವೇ.

ಎರಡನೆಯ ಆಧಾರ ಎತ್ತರ. ಕನಕಪುರ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಮೇಲಿದೆ, ಚನ್ನಪಟ್ಟಣ ಮತ್ತು ರಾಮನಗರ 740ರ ಆಸುಪಾಸು, ಮಾಗಡಿ 900 ದಾಟುತ್ತದೆ. ಸಾವನದುರ್ಗದ ನೆತ್ತಿ 1226 ಮೀಟರ್. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ತಂಪು ಎಂಬುದು ಸಾಮಾನ್ಯ ಲೆಕ್ಕ. ಹಾಗಾದರೆ ಕನಕಪುರಕ್ಕೂ ಮಾಗಡಿಗೂ ಸುಮಾರು ಎರಡು ಡಿಗ್ರಿ ಅಂತರ. ಮನುಷ್ಯರಿಗೆ ಎರಡು ಡಿಗ್ರಿ ಏನೂ ಅಲ್ಲ. ದ್ರಾಕ್ಷಿಗೆ ಹಾಗಲ್ಲ; ರಾತ್ರಿ ಬಿಸಿಯಾಗಿದ್ದಷ್ಟೂ ಹಣ್ಣು ತನ್ನ ಮ್ಯಾಲಿಕ್ ಹುಳಿಯನ್ನು ತಾನೇ ಉಸಿರಾಡಿ ಕಳೆದುಕೊಳ್ಳುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಶಿರಾಜಿಗೆ ಒಂದನ್ನು ಆರಿಸು ಎಂದರೆ ನಾನು ಹಿಂದೆಮುಂದೆ ನೋಡದೆ ಮಾಗಡಿ ಎನ್ನುತ್ತೇನೆ.

ಸವರುವ ದಿನ

ಎತ್ತರ ಒಂದರಿಂದಲೇ ಮೆಣಸು ಬರುವುದಿಲ್ಲ. ಮಾಗಡಿಯಲ್ಲೂ ಮಾರ್ಚ್ ಮಾರ್ಚೇ. ಆಗ ಬರುವುದು ಕತ್ತರಿಯ ಮಾತು.

ಫ್ರಾನ್ಸಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ, ವಸಂತ ಎಬ್ಬಿಸುತ್ತದೆ; ರೈತ ಅದನ್ನು ಅನುಸರಿಸುತ್ತಾನೆ. ನಮ್ಮಲ್ಲಿ ಬಳ್ಳಿಗೆ ಕಾಲ ಹೇಳುವವನು ರೈತನೇ. ವರ್ಷಕ್ಕೆ ಎರಡು ಸಲ ಸವರುತ್ತಾರೆ. ವಿಜಯಪುರದ ಕಡೆ ಇದಕ್ಕೆ ಚಾಟನಿ ಎನ್ನುತ್ತಾರೆ. ಏಪ್ರಿಲಿನಲ್ಲಿ ಕಡ್ಡಿಯನ್ನು ಒಂದೆರಡು ಕಣ್ಣು ಉಳಿಸಿ ಮೋಟು ಮಾಡುವುದು ಮೊದಲ ಸಲದ್ದು. ಮುಂಗಾರಿನಲ್ಲಿ ಹೊಸ ಕಡ್ಡಿ ಬೆಳೆದು ಬಲಿಯಲಿ ಎಂದು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಆ ಕಡ್ಡಿಯನ್ನೇ ಹಣ್ಣಿಗಾಗಿ ಸವರುವುದು ಎರಡನೆಯದು. ಸವರುವವನ ಬೆರಳುಗಳನ್ನು ನೋಡಬೇಕು. ಎಡಗೈ ಕಡ್ಡಿಯ ಬುಡದಿಂದ ಗಿಣ್ಣು ಗಿಣ್ಣಾಗಿ ಏರುತ್ತ ಕಣ್ಣು ಎಣಿಸುತ್ತದೆ. ಯಾವ ಕಣ್ಣಿನ ಹೊಟ್ಟೆಯಲ್ಲಿ ಗೊಂಚಲು ಕೂತಿದೆ ಎಂಬುದು ಅದರ ಉಬ್ಬಿನಲ್ಲಿ, ಕಡ್ಡಿಯ ಕಂದು ಬಣ್ಣದಲ್ಲಿ, ಬೆರಳಿಗೆ ಸಿಗುವ ಗಡಸಿನಲ್ಲಿ ಅವನಿಗೆ ತಿಳಿಯುತ್ತದೆ. ಬಲಗೈಯ ಕತ್ತರಿ ಆ ಕಣ್ಣಿನಿಂದ ಅರ್ಧ ಬೆರಳು ಮೇಲೆ, ಓರೆಯಾಗಿ ಬೀಳುತ್ತದೆ. ಕಡಿದ ಬಾಯಲ್ಲಿ ನೀರು ಹನಿಯಾಗಿ ಕೂರುತ್ತದೆ. ಹಿಂದೆಯೇ ಬರುವವರು ಕೈಗವಸು ಹಾಕಿಕೊಂಡು, ಹೈಡ್ರೋಜನ್ ಸಯನಮೈಡ್ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಕಣ್ಣನ್ನು ಒರೆಸುತ್ತ ಹೋಗುತ್ತಾರೆ. ಚಳಿ ಮಾಡಬೇಕಾದ ಕೆಲಸವನ್ನು ಆ ಮದ್ದು ಮಾಡುತ್ತದೆ; ಸುಮಾರು ಹತ್ತು ದಿನದಲ್ಲಿ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯುತ್ತವೆ.

ಅಲ್ಲಿಂದ ಲೆಕ್ಕ ಶುರು. ಸವರಿದ ಸುಮಾರು ನಲವತ್ತು ದಿನಕ್ಕೆ ಹೂವು, ನಾಲ್ಕೂವರೆ–ಐದು ತಿಂಗಳಿಗೆ ಹಣ್ಣು. ಅಕ್ಟೋಬರ್ ಮಧ್ಯದಲ್ಲಿ ಸವರಿದರೆ ನವೆಂಬರ್ ಕೊನೆಗೆ ಹೂವು. ಹಿಂಗಾರು ಬಹುಪಾಲು ಮುಗಿದಿರುತ್ತದೆ, ಬೂಜು ರೋಗದ ಕಾಟ ಕಡಿಮೆ. ಆದರೆ ಹಣ್ಣು ಮಾಗುವುದು ಮಾರ್ಚಿನಲ್ಲಿ, ಮಧ್ಯಾಹ್ನ 33–34 ಡಿಗ್ರಿಯಲ್ಲಿ. ಸಕ್ಕರೆ ಓಡಿ ಏರುತ್ತದೆ, ಹುಳಿ ಬಿದ್ದುಹೋಗುತ್ತದೆ, ಮೆಣಸು ಬರುವ ಮೊದಲೇ ಕೊಯ್ಯಬೇಕಾಗುತ್ತದೆ. ಅದರ ಬದಲು ಸೆಪ್ಟೆಂಬರ್ ಮೊದಲ ವಾರದಲ್ಲೇ ಸವರಿದರೆ ಹಣ್ಣು ಮಾಗುವುದು ಜನವರಿಯಲ್ಲಿ. ಆಗ ಈ ಸೀಮೆಯಲ್ಲಿ ಮಳೆಯಿಲ್ಲ, ಹಗಲು 27–28, ರಾತ್ರಿ 15–16 ಡಿಗ್ರಿ. ಗೊಂಚಲು 25 ಡಿಗ್ರಿ ದಾಟುವುದು ಮಧ್ಯಾಹ್ನದ ಕೆಲವೇ ಗಂಟೆ. ಶಿರಾಜಿಗೆ ನಾವು ಕೊಡಬಹುದಾದ ಚಳಿ ಇದೇ. ಆದರೆ ಹಾಗೆ ಮಾಡಿದಾಗ ಹೂವು ಬರುವುದು ಅಕ್ಟೋಬರ್ ಎರಡನೆಯ ವಾರದಲ್ಲಿ, ಈ ಭಾಗದಲ್ಲಿ ಮಳೆ ಹೆಚ್ಚು ಬೀಳುವ ಹೊತ್ತಿನಲ್ಲಿ. ಒಂದು ವಾರ ಜಡಿಮಳೆ ಹಿಡಿದರೆ ಹೂಗೊಂಚಲು ಕೊಳೆತು ಉದುರುತ್ತದೆ. ಇಡೀ ವರ್ಷದ ಬೆಳೆ ಅಲ್ಲಿಗೆ ಮುಗಿಯಿತು.

ಈ ಇಕ್ಕಟ್ಟಿನ ಸುತ್ತಲೇ ನಮ್ಮ ಶಿರಾಜಿನ ಭವಿಷ್ಯ ತಿರುಗುತ್ತಿದೆ. ತಡವಾಗಿ ಸವರುವುದು ಭದ್ರ, ಬೇಗ ಸವರುವುದು ರುಚಿ. ವೈನರಿಯ ಟ್ಯಾಂಕು, ಫ್ರೆಂಚ್ ಓಕ್ ಪೀಪಾಯಿ, ವಿದೇಶಿ ತಜ್ಞ ಎಲ್ಲವೂ ಇದರ ಆಮೇಲಿನವು.

ಬ್ರೆಜಿಲ್‌ನವರು ಇಂಥದ್ದೇ ಇಕ್ಕಟ್ಟನ್ನು ಬಿಡಿಸಿಕೊಂಡ ರೀತಿ ನಮಗೆ ತೀರಾ ಹತ್ತಿರದ ಪಾಠ. ಅಲ್ಲಿನ ಮಿನಾಸ್ ಜೆರೈಸ್ ಕಾಫಿಗೆ ಹೆಸರಾದ ರಾಜ್ಯ. ತೋಟಗಳು ಮಾಗಡಿಯಷ್ಟೇ, ಕೆಲವು ಕಡೆ ಇನ್ನೂ ಹೆಚ್ಚಿನ ಎತ್ತರದಲ್ಲಿವೆ. ಮಾಮೂಲಿನಂತೆ ಬೆಳೆದರೆ ಹಣ್ಣು ಮಾಗುವುದು ಅವರ ಬೇಸಿಗೆಯ ಧಾರಾಕಾರ ಮಳೆಯಲ್ಲಿ. ರಾಜ್ಯದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ ಮುರಿಲೊ ರೆಜಿನಾ ಎಂಬ ವಿಜ್ಞಾನಿ 2000ರ ದಶಕದ ಆರಂಭದಲ್ಲಿ ವರ್ಷಕ್ಕೆ ಎರಡು ಸಲ ಸವರಿ, ಮೊದಲ ಚಿಗುರಿನ ಗೊಂಚಲನ್ನೆಲ್ಲ ಕಿತ್ತೆಸೆದು, ಕೊಯ್ಲನ್ನು ಅವರ ಚಳಿಗಾಲವಾದ ಜುಲೈ–ಆಗಸ್ಟಿಗೆ ತಳ್ಳುವ ಪ್ರಯೋಗ ಮಾಡಿದರು. ಒಣಹವೆ, ಬೆಚ್ಚನೆಯ ಹಗಲು, ಚಳಿಯ ರಾತ್ರಿ. ಹಲವು ತಳಿಗಳನ್ನು ಹೀಗೆ ಪರೀಕ್ಷಿಸಿದಾಗ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಸಿರಾ. ಇಂದು ಆ ದೇಶದಲ್ಲಿ ‘ಚಳಿಗಾಲದ ವೈನ್’ ಎಂಬ ಒಂದು ವರ್ಗವೇ ಬೆಳೆದು, ಪಕ್ಕದ ಸಾವೊ ಪಾಲೊ ರಾಜ್ಯಕ್ಕೂ ಹಬ್ಬಿದೆ. ಅವರು ಕಲಿತ ಎರಡು ಕತ್ತರಿಯ ವಿದ್ಯೆ ನಮ್ಮ ರೈತರಿಗೆ ಮೊದಲಿನಿಂದಲೂ ಗೊತ್ತು. ಅವರು ಅದನ್ನು ರುಚಿಯ ಲೆಕ್ಕಕ್ಕೆ ತಿರುಗಿಸಿದರು. ನಾವಿನ್ನೂ ತೂಕದ ಲೆಕ್ಕದಲ್ಲೇ ಇದ್ದೇವೆ.

ಚಪ್ಪರದ ವಿಷಯವನ್ನೂ ಇಲ್ಲೇ ಹೇಳಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬ ನೆಟ್ಟು, ತಂತಿ ಹೆಣೆದು, ಚಪ್ಪರದ ಮೇಲೆ ಹಬ್ಬಿಸಿ ಬೆಳೆಯುವುದು ಬೆಂಗಳೂರು ಬ್ಲೂ. ಸಿಪ್ಪೆ ಜಾರುವ, ವಿಶಿಷ್ಟ ಘಮದ ಆ ದ್ರಾಕ್ಷಿ 2013ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಸಿಹಿ ಪೋರ್ಟ್ ವೈನಿನ ದೊಡ್ಡ ಆಸರೆ ಅದೇ. ಶಿರಾಜಿನಂಥ ವೈನ್ ತಳಿಗಳನ್ನು ಚಪ್ಪರ ಬಿಟ್ಟು ಬೇಲಿಯಂತೆ ನೇರ ನಿಲ್ಲಿಸಿದ ತಂತಿಗೆ ಕಟ್ಟುವುದು ಯುರೋಪಿನಿಂದ ಬಂದ ಪದ್ಧತಿ. ಬಿಸಿಲು ಸಾಲದ ದೇಶಕ್ಕೆ ಅದು ಸರಿ. ನೆರಳಿನ ಗೊಂಚಲಲ್ಲೇ ಮೆಣಸು ಹೆಚ್ಚು ಎಂದು ತಿಳಿದ ಮೇಲೂ ನಾವು ಪಡುವಣ ಬಿಸಿಲಿಗೆ ಗೊಂಚಲು ಒಡ್ಡುವುದು ಏಕೆ? ಗಾಳಿಯಾಡುವಷ್ಟು ತೆಳುವಾದ ಚಪ್ಪರದ ಕೆಳಗೆ ಶಿರಾಜ್ ತೂಗಬಿಟ್ಟು ನೋಡುವುದು ಇಲ್ಲಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನಿಸಿಕೆ. ಕಂಬಕ್ಕಂತೂ ಕಲ್ಲಿನ ಬರವಿಲ್ಲ.

ಸೊಪ್ಪಿನ ತೋಟದ ಪಕ್ಕದಲ್ಲಿ

ಇಷ್ಟೆಲ್ಲ ಅನುಕೂಲವಿದ್ದೂ ಈ ಜಿಲ್ಲೆ ದ್ರಾಕ್ಷಿಯ ಜಿಲ್ಲೆಯಾಗಲಿಲ್ಲ, ರೇಷ್ಮೆಯ ಜಿಲ್ಲೆಯಾಯಿತು. ಅದಕ್ಕೆ ಗಟ್ಟಿ ಕಾರಣಗಳಿವೆ. ಹುಳ ಮೇಯಿಸಲು ತೊಡಗಿದರೆ ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹಂತ ಕಳೆದು, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟಲು ಒಂದು ತಿಂಗಳು ಸಾಕು. ಗೂಡನ್ನು ರಾಮನಗರದ ಮಾರುಕಟ್ಟೆಗೆ ತಂದರೆ ಹರಾಜಾಗುತ್ತದೆ, ಕೊಳ್ಳಲು ನೂರಾರು ರೀಲರುಗಳಿದ್ದಾರೆ. ದ್ರಾಕ್ಷಿ ನೆಟ್ಟರೆ ಒಳ್ಳೆಯ ಫಸಲಿಗೆ ಮೂರು ವರ್ಷ ಕಾಯಬೇಕು, ಆಮೇಲೂ ವರ್ಷಕ್ಕೊಂದೇ ಬೆಳೆ, ಕೊಳ್ಳುವವನೂ ಒಬ್ಬನೇ. ಶಿರಾಜಿನ ಕಾಯಿ ಸಣ್ಣದು, ಬೀಜ ದಪ್ಪ. ವೈನರಿ ಬೇಡವೆಂದರೆ ತಳ್ಳುಗಾಡಿಯಲ್ಲಿ ಇಟ್ಟು ಮಾರುವ ಹಣ್ಣಲ್ಲ ಅದು.

ಇನ್ನೊಂದು ಕಾರಣ ಔಷಧಿ. ದ್ರಾಕ್ಷಿಗೆ ಬೂಜು ರೋಗ, ಬೂದಿ ರೋಗ, ಕೀಟ ಎಂದು ಮೇಲಿಂದ ಮೇಲೆ ಸಿಂಪಡಣೆ ಬೇಕು. ಗಾಳಿಗೆ ತೇಲಿ ಬಂದ ಕೀಟನಾಶಕ ಹಿಪ್ಪುನೇರಳೆ ಎಲೆಯ ಮೇಲೆ ಕೂತರೆ ಆ ಸೊಪ್ಪು ತಿಂದ ಹುಳ ಉಳಿಯುವುದಿಲ್ಲ. ‘ಪಕ್ಕದ ಹೊಲದಾಗೆ ಔಷ್ದಿ ಹೊಡೆದ್ರೆ ನಮ್ಮ ಹುಳ ಗೂಡು ಕಟ್ಟಾಕಿಲ್ಲ ಅಣ್ಣ’ ಎಂಬ ಮಾತಿಗೆ ಈ ಸೀಮೆಯ ಹಳ್ಳಿಗಳಲ್ಲಿ ಎದುರು ಮಾತಿಲ್ಲ. ನೂರಾರು ಮನೆಯ ಅನ್ನ ಆ ಸೊಪ್ಪಿನ ಮೇಲೆ ನಿಂತಿರುವಾಗ ದ್ರಾಕ್ಷಿಯೇ ಜಾಗ ಬಿಟ್ಟು ನಿಲ್ಲಬೇಕು. ಶಿರಾಜ್ ಬರುವುದಾದರೆ ಸೊಪ್ಪಿನ ತೋಟಗಳಿಂದ ದೂರದ, ಬೆಟ್ಟದ ಬುಡದ ಒಣ ಹೊಲಗಳಿಗೆ ಬರಬೇಕು. ನೀರಾವರಿಯ ಸಮತಟ್ಟು ಭೂಮಿಗೆ ಅಲ್ಲ. ಒಳ್ಳೆಯ ಶಿರಾಜಿಗೆ ಬೇಕಾದದ್ದೂ ಆ ಒಣ ಹೊಲವೇ ಆದ್ದರಿಂದ ಇಲ್ಲಿ ಜಗಳಕ್ಕೆ ಎಡೆಯಿಲ್ಲ.

ಮತ್ತೆ, ಕತ್ತರಿಯ ಕೈಚಳಕ ಈ ಜಿಲ್ಲೆಗೆ ಹೊಸದೂ ಅಲ್ಲ. ಯಾವ ದಿನ ಸೊಪ್ಪಿನ ಕಡ್ಡಿ ಕೊಯ್ದರೆ ಯಾವ ದಿನಕ್ಕೆ ಎಳೆ ಎಲೆ ಚಾಕಿ (ಎಳೆಯ) ಹುಳಕ್ಕೆ ಸಿಗುತ್ತದೆ, ಯಾವ ದಿನಕ್ಕೆ ಬಲಿತ ಎಲೆ ಕೊನೆಯ ಜ್ವರ ಎದ್ದ ಹುಳಕ್ಕೆ ಸಿಗುತ್ತದೆ ಎಂದು ಹಿಂದಕ್ಕೆ ಎಣಿಸಿ ತೋಟವನ್ನು ಪಾಲು ಮಾಡಿಕೊಳ್ಳುವ ಹೆಣ್ಣುಮಕ್ಕಳು ಇಲ್ಲಿನ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಶಿರಾಜಿನ ತೋಟ ಕೇಳುವುದೂ ಇದೇ ಹಿಂದಕ್ಕೆಣಿಸುವ ಬುದ್ಧಿಯನ್ನು. ವೈನಿನ ಬಗ್ಗೆ ಬರೆಯುವವರು ವೈನ್ ತಯಾರಕನ ಹೆಸರನ್ನು ದೊಡ್ಡದಾಗಿ ಬರೆಯುತ್ತಾರೆ. ಸವರಿದವರ ಹೆಸರು ಎಲ್ಲೂ ಬರುವುದಿಲ್ಲ. ಈ ಅಕ್ಷಾಂಶದಲ್ಲಿ ವೈನಿನ ರುಚಿಯ ಅರ್ಧ ತೀರ್ಮಾನ ಮಾಡುವವರು ಅವರು.

ಊಟದ ಜೊತೆ

ಕೊಂಡು ಕುಡಿಯುವವರಿಗೆ ಎರಡು ಮಾತು. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ನಮ್ಮ ಕೋಣೆ 28–30 ಡಿಗ್ರಿ ಇರುತ್ತದೆ; ಆ ಬಿಸಿಯಲ್ಲಿ ಶಿರಾಜ್ ಬರೀ ಸ್ಪಿರಿಟ್ ವಾಸನೆ ಹೊಡೆಯುತ್ತದೆ. ಬಗ್ಗಿಸುವ ಮೊದಲು ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ತಂದರೆ ಹಣ್ಣೂ ಮೆಣಸೂ ಬಿಡಿಸಿಕೊಂಡು ಕಾಣುತ್ತವೆ. ಅನುಮಾನವಿದ್ದವರು ಎರಡು ಕಾಳುಮೆಣಸು ಜಜ್ಜಿ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಅದನ್ನು, ಒಮ್ಮೆ ಲೋಟವನ್ನು ಮೂಸಲಿ. ಇದು ತೀರಾ ಸುಲಭದ ಪರೀಕ್ಷೆ.

ಊಟದಲ್ಲಿ ಎಚ್ಚರ ಬೇಕಾದದ್ದು ಒಣಮೆಣಸಿನಕಾಯಿಯ ಬಗ್ಗೆ. ಶಿರಾಜಿನಲ್ಲಿ 13–14 ಪ್ರತಿಶತ ಆಲ್ಕೋಹಾಲ್ ಇರುತ್ತದೆ, ಒಗರೂ ಇರುತ್ತದೆ; ಎರಡೂ ಸೇರಿ ಖಾರದ ಉರಿಯನ್ನು ಹೆಚ್ಚಿಸುತ್ತವೆ. ಕೆಂಪಗೆ ಉರಿಯುವ ಸಾರಿಗಿಂತ ಕಾಳುಮೆಣಸಿನ ಅಡುಗೆ ಮೇಲು. ಕುರಿಯ ಕಾಲು ಸೂಪು, ಮೆಣಸು ಹಾಕಿ ಹುರಿದ ಮಟನ್, ಖಾರ ತಗ್ಗಿಸಿ ಮೆಣಸು ಹೆಚ್ಚಿಸಿದ ನಾಟಿಕೋಳಿ ಸಾರು–ಮುದ್ದೆ. ರಾಗಿ ಮುದ್ದೆಯ ಮಣ್ಣಿನ ರುಚಿ ಈ ವೈನಿನ ಒಗರನ್ನು ತೊಡೆಯುವ ರೀತಿ ಬ್ರೆಡ್ಡಿಗೆ ಬರುವುದಿಲ್ಲ. ಮಾಂಸ ತಿನ್ನದವರಿಗೆ ಹುರುಳಿಕಾಳಿನ ಬಸ್ಸಾರು. ಮಿತಿ ಮರೆಯಬಾರದು, ವೈನ್ ಕೂಡ ಮದ್ಯವೇ, ಕುಡಿದು ಸ್ಟಿಯರಿಂಗ್ ಹಿಡಿಯುವ ಪ್ರಶ್ನೆಯೇ ಇಲ್ಲ.

2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ವಾಹನಗಳು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಸವರಿಕೊಂಡು ಹೊರಗಿಂದಲೇ ಹೋಗುತ್ತವೆ. ಹಳೆಯ ರಸ್ತೆಯ ಗೊಂಬೆ ಅಂಗಡಿಗಳು ಕಳೆದುಕೊಂಡ ವ್ಯಾಪಾರ ಎಲ್ಲರಿಗೂ ಗೊತ್ತಿರುವುದೇ. ದಾರಿಹೋಕರು ಕಡಿಮೆಯಾದ ಊರಿಗೆ ಜನ ಬೇಕೆಂದೇ ಬರಬೇಕಾದರೆ ಅಲ್ಲಿ ಮಾತ್ರ ಸಿಗುವ ವಸ್ತು ಇರಬೇಕು. ಎಲ್ಲಿಂದಲೋ ಬಂದ ಹಣ್ಣಿನ ವೈನಿಗೆ ಯಾರೂ ಹೆದ್ದಾರಿ ಬಿಟ್ಟು ಇಳಿಯುವುದಿಲ್ಲ.

ಆದ್ದರಿಂದ ಸಣ್ಣ ವೈನರಿಯೊಂದು ಮಾಡಬಹುದಾದ ಕೆಲಸ ನನ್ನ ಕಣ್ಣಿಗೆ ಕಾಣುವುದು ಹೀಗೆ. ಮಾಗಡಿ ಕಡೆಯ ಎತ್ತರದ ಹೊಲದಲ್ಲಿ ಎರಡೇ ಎಕರೆ ಶಿರಾಜ್. ಅರ್ಧವನ್ನು ಸೆಪ್ಟೆಂಬರ್ ಮೊದಲ ವಾರ ಸವರುವುದು, ಇನ್ನರ್ಧವನ್ನು ಅಕ್ಟೋಬರ್ ನಡುವೆ. ಹಣ್ಣನ್ನು ಬೆಳಗಿನ ಜಾವದ ತಂಪಿನಲ್ಲಿ ಕೊಯ್ದು, ಬೆರೆಸದೆ ಎರಡು ಟ್ಯಾಂಕಿನಲ್ಲಿ ಹುದುಗಿಸಿ, ಎರಡು ಬೇರೆ ಬಾಟಲಿ ತುಂಬುವುದು. ಲೇಬಲಿನ ಮೇಲೆ ಹಳ್ಳಿಯ ಹೆಸರು, ಸವರಿದ ತಿಂಗಳು, ಕೊಯ್ದ ತಿಂಗಳು. ನಾಲ್ಕೈದು ಫಸಲು ಹೀಗೆ ನಡೆಸಿದರೆ ಈ ನೆಲದ ಶಿರಾಜ್ ಯಾವುದು ಎಂದು ನಾಲಿಗೆಯೇ ಹೇಳುತ್ತದೆ. ಅದಕ್ಕೂ ಮೊದಲು ಕರಾರು ಬದಲಾಗಬೇಕು. ಬೇಗ ಸವರು ಎಂದು ವೈನರಿ ಹೇಳಿ, ಅಕ್ಟೋಬರ್ ಮಳೆಗೆ ಹೂವು ಉದುರಿದಾಗ ನಷ್ಟ ಪೂರ್ತಿ ರೈತನದಾದರೆ ಯಾವ ರೈತನೂ ಎರಡನೆಯ ವರ್ಷ ಆ ಮಾತು ಕೇಳುವುದಿಲ್ಲ. ಕಿಲೋ ಲೆಕ್ಕದ ಬೆಲೆ ಬಿಟ್ಟು ಎಕರೆಗೆ ಇಂತಿಷ್ಟು ಎಂದು ಮುಂಗಡ ಗೊತ್ತುಮಾಡಿ, ಮಳೆಯ ನಷ್ಟದಲ್ಲಿ ವೈನರಿಯೂ ಅರ್ಧ ಹೊರಬೇಕು. ತಂಪು ಸೀಮೆಯ ಶಿರಾಜಿಗೆ ಪೇಟೆ ಕೊಡುವ ಹೆಚ್ಚಿನ ಬೆಲೆಯಲ್ಲಿ ಅದಕ್ಕೆ ಜಾಗವಿದೆ.